ಕೊಟ್ರೇಶ ಅಳಿಸಿದ ಮದುವೆ

ಶುಕ್ರವಾರ ಬೆಳಿಗ್ಗೆ ಹತ್ತೂಕಾಲರ ಸುಮಾರಿಗೆ ಅಕ್ಕಿಆಲೂರಿನಲ್ಲಿ ಸಂಘಮಿತ್ರಾಳ ಮದುವೆ ಅಳಿಸಿಹೋಯಿತು. ಮದುವೆಯಾಗಿ ಹನ್ನೆರಡು ದಿನವಾಗಿತ್ತು. ಹುಡುಗಿ ಹಿರೇಕೆರೂರಿನ ಗಂಡನ ಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು, ಹುಡುಗ ಅವನ್ನು ತಿನ್ನುತ್ತಿದ್ದ, ತಮ್ಮ ಮದುವೆ ಇಲ್ಲವಾದ ಸುದ್ದಿ ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬನಿಗೇ. ಅವನು ಬಸ್‌ಸ್ಟ್ಯಾಂಡಿನ ಎದುರಿನ ‘ಪ್ರಗತಿ ಡಿಜಿಟಲ್ ಸ್ಟುಡಿಯೊ’ದ ಮಾಲಕ ಕೊಟ್ರೇಶ. ಎರಡೂ ಕೈಗಳನ್ನು ಕೀಬೋರ್ಡಿನಿಂದ ಒಂದು ಗೇಣು ಮೇಲೆತ್ತಿ, ಕಾದ ಹಂಚು ಮುಟ್ಟಿದವರ ಹಾಗೆ ಕೂತಿದ್ದ.

ಅಳಿಸಿದ್ದು ಅಜ್ಞಾನದಿಂದಲ್ಲ, ವಿದ್ಯೆಯಿಂದ. ಇದನ್ನು ಮೊದಲೇ ಸ್ಪಷ್ಟಪಡಿಸಬೇಕು. ಒಂದು ವಾರದಿಂದ ಕಂಪ್ಯೂಟರು ಒಳಗೆ ಜಾಗವಿಲ್ಲವೆಂದು ಗೊಣಗುತ್ತಿತ್ತು. ಹಳೆಯದನ್ನು ತೆಗೆದುಹಾಕಲು ಕೊಟ್ರೇಶ ಕೂತಾಗ ಪಾಸ್‌ಪೋರ್ಟ್ ಫೋಟೊಕ್ಕೆ ಬಂದ ಗಿರಾಕಿಯೊಬ್ಬ ಹಿಂದೆ ನಿಂತು ನೋಡುತ್ತಿದ್ದ. ನೋಡುವವರಿದ್ದರೆ ಕೊಟ್ರೇಶನ ಕೈಗೆ ಬೇರೆಯೇ ಕಳೆ. ಸಾಮಾನ್ಯರು ಅಳಿಸಿದ್ದು ಕಂಪ್ಯೂಟರಿನೊಳಗಿನ ಕಸದ ಬುಟ್ಟಿಗೆ ಬೀಳುತ್ತದೆ, ಬೇಕೆಂದಾಗ ಮತ್ತೆ ಎತ್ತಿಕೊಳ್ಳಬಹುದು. ಅದು ಪುಕ್ಕಲರ ದಾರಿ. ಎರಡು ಗುಂಡಿ ಒಟ್ಟಿಗೆ ಒತ್ತಿದರೆ ಬುಟ್ಟಿಯನ್ನೂ ಕಾಣದೆ ನೇರ ಮೋಕ್ಷ. ಹೀಗೆಂದು ಗಿರಾಕಿಗೆ ವಿವರಿಸುತ್ತಲೇ ಒತ್ತಿ ತೋರಿಸಿದ.

ಗಿರಾಕಿ ಮೆಚ್ಚಿಕೊಂಡು, ‘ಈಗ ಏನ್ ಹೋತ್ರಿ?’ ಎಂದು ಕೇಳಿದ.

ಕೇಳದೇ ಇದ್ದಿದ್ದರೆ ಒಂದೆರಡು ದಿನ ಕೊಟ್ರೇಶ ಸುಖವಾಗಿರುತ್ತಿದ್ದ. ಹದಿನೈದು ವರ್ಷದಿಂದ ಅವನು ಮದುವೆಗಳಿಗೆ ಹೆಸರಿಡುವ ಪದ್ಧತಿಯೇ ಹಾಗಿತ್ತು: ‘ಹೊಸ ಮದುವೆ’, ‘ಹೊಸ ಮದುವೆ ಎರಡು’, ‘ಹೊಸ ಮದುವೆ ಕೊನೇದು’, ‘ಹೊಸ ಮದುವೆ ಖರೇ ಕೊನೇದು’. ಇವುಗಳಲ್ಲಿ ಯಾವುದು ಯಾರದೆಂದು ಅವನಿಗೆ ಬಾಯಿಪಾಠ. ಗಿರಾಕಿ ಇದ್ದಾಗ ಮಾತ್ರ ಮರೆಯುತ್ತಿತ್ತು. ಕ್ಯಾಮೆರಾದ ಕಾರ್ಡಿನಲ್ಲಾದರೂ ಉಳಿದಿದೆಯೇ ಎಂದು ನೋಡಿದ. ಅದರಲ್ಲಿ ಆಗಲೇ ಹಾನಗಲ್ಲಿನ ನಾಮಕರಣವೊಂದರ ಕೂಸು ತೊಟ್ಟಿಲಲ್ಲಿ ಮಲಗಿ ಎರಡು ತಾಸು ಅಳುತ್ತಿತ್ತು.

ಸಂಘಮಿತ್ರಾ ಸ್ಟುಡಿಯೊದ ಹಿಂದಿನ ಓಣಿಯ ಮಾರೆಪ್ಪನ ಮಗಳು. ಮದುವೆ ಹಾನಗಲ್ಲಿನ ಸಭಾಭವನವೊಂದರಲ್ಲಿ ಬುದ್ಧನ ಮೂರ್ತಿಯ ಮುಂದೆ, ಬಿಳಿ ಉಟ್ಟು ಪ್ರತಿಜ್ಞೆ ಹೇಳುವ ಪದ್ಧತಿಯಂತೆ ನಡೆದಿತ್ತು. ಓಣಿಗೆ ಓಣಿಯೇ ಹೋಗಿತ್ತು. ಹೋಗದೆ ಉಳಿದವಳು ಒಬ್ಬಳೇ, ಸಂಘಮಿತ್ರಾಳನ್ನು ಎತ್ತಿ ಆಡಿಸಿ ದೊಡ್ಡವಳನ್ನಾಗಿ ಮಾಡಿದ ಅಜ್ಜಿ ಉಡಚವ್ವ. ಮದುವೆ ಎರಡು ದಿನವಿದೆ ಎನ್ನುವಾಗ ಜಗಲಿಯಿಂದ ಜಾರಿ ಬಿದ್ದು ಕಾಲು ಮುರಿದು, ಮೊಣಕಾಲಿನತನಕ ಪ್ಲಾಸ್ಟರ್ ಹಾಕಿಸಿಕೊಂಡಿದ್ದಳು. ಮದುವೆ ಮುಂದೂಡುವ ಮಾತು ಬಂದಾಗ ಅವಳೇ ಬೈದು ಎಲ್ಲರನ್ನೂ ಹತ್ತಿಸಿ ಕಳಿಸಿದ್ದಳು. ಅವತ್ತು ಕೊಟ್ರೇಶ ಎಲ್ಲರ ಎದುರು ಮಾತು ಕೊಟ್ಟಿದ್ದ. ಒಂದು ನಿಮಿಷವನ್ನೂ ಬಿಡದೆ ಹಿಡಿದು ತರುತ್ತೇನೆ, ಓಣಿಯಲ್ಲಿ ಪರದೆ ಕಟ್ಟಿ ಇಡೀ ಮದುವೆಯನ್ನು ನಿನ್ನ ಮುಂದೆ ಮಾಡಿಸುತ್ತೇನೆ ಎಂದಿದ್ದ. ಪರದೆಗೆ ರವಿವಾರ ಸಂಜೆ ಗೊತ್ತಾಗಿತ್ತು.

ಅಂದಿನಿಂದ ಉಡಚವ್ವ ಕಾಲನ್ನು ಸ್ಟೂಲಿನ ಮೇಲಿಟ್ಟುಕೊಂಡು ಜಗಲಿಯಲ್ಲಿ ಕೂತಿರುತ್ತಿದ್ದಳು. ಕೊಟ್ರೇಶ ಹಾದುಹೋದರೆ ಏನೂ ಕೇಳುತ್ತಿರಲಿಲ್ಲ. ಅವನ ಕೈಯಲ್ಲಿ ಏನಾದರೂ ಇದೆಯೇ ಎಂದು ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಕೇಳಿದವರಿಗೆ ಸುಳ್ಳು ಹೇಳಬಹುದು. ಕೇಳದವರಿಗೆ ಏನು ಹೇಳುವುದು?

ಗಿರಾಕಿಯನ್ನು ಫೋಟೊ ತೆಗೆಯದೆಯೇ ಸಾಗಹಾಕಿ ಕೊಟ್ರೇಶ ಬಾಗಿಲು ಹಾಕಿಕೊಂಡ. ಅಳಿಸಿದ್ದನ್ನು ಮರಳಿ ತರುವುದು ಹೇಗೆಂದು ಇಂಟರ್ನೆಟ್ಟನ್ನು ಕೇಳಿದ. ಇಂಟರ್ನೆಟ್ಟು ಮದುವೆ ಮನೆಯ ಹಿರಿಯರ ಹಾಗೆ, ಕೇಳಿದ್ದಕ್ಕಿಂತ ಹೆಚ್ಚು ಹೇಳುತ್ತದೆ. ಐದು ಜನ ಐದು ಸಾಫ್ಟ್‌ವೇರುಗಳನ್ನು ಹೊಗಳಿದರು. ಯಾರ ಮನಸ್ಸನ್ನೂ ನೋಯಿಸಬಾರದೆಂದು ಅವನು ಐದನ್ನೂ ಇಳಿಸಿಕೊಂಡ. ಒಂದು ಅರ್ಧಕ್ಕೆ ನಿಂತಿತು, ಒಂದು ಅವನ ಹುಟ್ಟಿದ ದಿನಾಂಕ ಕೇಳಿತು, ಇನ್ನೊಂದು ಮದುವೆ ಹುಡುಕುವ ಬದಲು ಚೀನೀ ಭಾಷೆಯಲ್ಲಿ ಶುಭಾಶಯ ಹೇಳಿತು. ಸಂಜೆಯ ಹೊತ್ತಿಗೆ ಕಂಪ್ಯೂಟರು ಮತ್ತೆ ಜಾಗವಿಲ್ಲವೆಂದಿತು. ಆಗ ಅವನು ಸವಣೂರಿನ ಮದಿಹಾಗೆ ಫೋನು ಮಾಡಿದ.

ಸವಣೂರಿನ ಪೇಟೆಯಲ್ಲಿ ಆಸೀಮನ ಕುರುಕಲು ಖಾರದ ಅಂಗಡಿಯಿದೆ. ಅದರ ಹಿಂದಿನ ಖೋಲಿಯಲ್ಲಿ ಅವನ ತಂಗಿ ಮದಿಹಾ ಕಂಪ್ಯೂಟರ್ ದುರಸ್ತಿ ಮಾಡುತ್ತಾಳೆ. ಎರಡೂ ಧಂದೆಗೆ ಒಂದೇ ಬಾಗಿಲಾದ್ದರಿಂದ, ಕಂಪ್ಯೂಟರು ಕೆಟ್ಟವರು ಖಾರ ತಿನ್ನದೆ ಒಳಗೆ ಹೋಗುವಂತಿಲ್ಲ. ಮದಿಹಾ ಎಲ್ಲವನ್ನೂ ಕೇಳಿಸಿಕೊಂಡು, ಅಳಿಸಿದ ಮೇಲೆ ಏನಾದರೂ ಮಾಡಿದಿರೇನೆಂದು ವಿಚಾರಿಸಿದಳು. ಕೊಟ್ರೇಶ ಉತ್ಸಾಹದಿಂದ ಐದು ಸಾಫ್ಟ್‌ವೇರುಗಳ ಹೆಸರನ್ನೂ ಒಪ್ಪಿಸಿದ. ಆಚೆ ಕಡೆ ಸದ್ದಿಲ್ಲ. ಫೋನು ಕಟ್ಟಾಯಿತೇ ಎಂದು ನೋಡಿದ. ಕಟ್ಟಾಗಿರಲಿಲ್ಲ. ವೈದ್ಯರು ಹಾಗೆ ಸುಮ್ಮನಾಗುವುದನ್ನು ಕೊಟ್ರೇಶ ಒಂದೆರಡು ಸಲ ನೋಡಿದ್ದ.

‘ಕೊಟ್ರೇಶಣ್ಣಾರ, ಹೊಲದ ಉತಾರದ ಕಾಗದದಾಗಿನ ಹೆಸರು ಹೊಡದು ಹಾಕಿದ್ರ ಹೊಲ ಎಲ್ಲೂ ಹೋಗೂದಿಲ್ಲ. ಬೆಳಿ ಹಂಗ ನಿಂತಿರತೈತಿ. ಅಳಿಸಿದ್ರ ಕಂಪ್ಯೂಟರನ್ಯಾಗ ಹೋಗೂದು ಬರೇ ಹೆಸರು. ಆದ್ರ ನೀವು ಆಮ್ಯಾಲೆ ಆ ಹೊಲದಾಗ ಐದು ಟ್ರ್ಯಾಕ್ಟರ್ ಹೊಡದೀರಿ. ಈಗರ ಬಂದ್ ಮಾಡ್ರಿ. ಮುಟ್ಟಬ್ಯಾಡ್ರಿ. ನಾಳೆ ತಗೊಂಡು ಬರ್ರಿ.’

ಮನುಷ್ಯ ತನಗೆ ಬೇಕಾದಷ್ಟನ್ನೇ ಕೇಳಿಸಿಕೊಳ್ಳುತ್ತಾನೆ. ಕೊಟ್ರೇಶನ ಕಿವಿಯಲ್ಲಿ ಉಳಿದದ್ದು ಹೊಲ ಮತ್ತು ಬೆಳೆ. ಟ್ರ್ಯಾಕ್ಟರುಗಳು ಕಿವಿಯ ಹೊರಗೇ ಹಾದುಹೋದವು. ಅಳಿಸಿದ್ದು ಅಳಿಸಿರುವುದಿಲ್ಲ, ಎಲ್ಲವೂ ಒಳಗೇ ಇರುತ್ತದೆ! ಅವನಿಗೆ ರಾತ್ರಿ ಅನ್ನ ರುಚಿಸಿತು.

ಶನಿವಾರ ಬೆಳಿಗ್ಗೆ ಕಂಪ್ಯೂಟರಿನ ಡಬ್ಬಿಯನ್ನು ಹೆಂಡತಿ ನಾಗರತ್ನಾ ಕೊಟ್ಟ ಕೌದಿಯಲ್ಲಿ ಸುತ್ತಿ, ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಕೂತ. ತಗ್ಗು ಬಂದಾಗಲೆಲ್ಲ ಎರಡೂ ಕೈಯಿಂದ ಅವುಚಿ ಹಿಡಿಯುತ್ತಿದ್ದ. ಮುಂದಿನ ಸೀಟಿನ ಹೆಣ್ಣುಮಗಳು ಇದನ್ನು ನೋಡಿ ನೋಡಿ, ಕೂಸಿಗೆ ಗಾಳಿ ಬೇಕೆಂದು ಕಿಟಕಿಯ ಪಕ್ಕದ ಜಾಗ ಬಿಟ್ಟುಕೊಟ್ಟಳು. ಎಷ್ಟು ತಿಂಗಳಾಯಿತೆಂದು ಕೇಳಿದಳು. ಕೊಟ್ರೇಶ ಆರು ವರ್ಷ ಎಂದ. ಅವಳು ಕಣ್ಣೊರೆಸಿಕೊಂಡು ಆ ಕಡೆ ತಿರುಗಿದಳು.

ಹಾನಗಲ್ಲಿನಲ್ಲಿ ಬಸ್ಸು ಬದಲಿಸಿದಾಗ ಪಕ್ಕದಲ್ಲಿ ಬಂದು ಕೂತವನು ಪಂಚಾಯ್ತಿ ಮೆಂಬರ ಸುಭಾಸ. ಶಿಗ್ಗಾಂವಿಯಲ್ಲಿ ಯಾವುದೋ ಸಭೆಗೆ ಹೊರಟಿದ್ದ. ಕೌದಿಯನ್ನು ತೋರಿಸಿ ಅದೇನೆಂದು ಕೇಳಿದ. ಸತ್ಯ ಹೇಳಲು ಒಂದು ವಾಕ್ಯ ಸಾಕಿತ್ತು. ಆದರೆ ನಾಲ್ಕು ತಾಲೂಕಿನಲ್ಲಿ ಹೆಸರು ಮಾಡಿದ ಸ್ಟುಡಿಯೊದ ಮಾಲಕ ತನ್ನ ಕೈಯಾರೆ ಮದುವೆ ಅಳಿಸಿದೆನೆಂದು ಬಸ್ಸಿನಲ್ಲಿ ಹೇಳಲಾದೀತೇ?

‘ಕಂಪ್ಯೂಟರ್ರೀ ಮೆಂಬರ್ರ. ಸವಣೂರಾಗ ಹೊಸಾ ವಿದ್ಯಾ ಬಂದೈತಿ. ಇದರಾಗ ಇಲ್ಲೀತನಕಾ ನಾ ಏನೇನು ಅಳಸೇನಿ, ಅಷ್ಟೂ ತಿರುಗಿ ಎಬ್ಬಸ್ತಾರ.’

‘ಅಷ್ಟೂ?’

‘ಒಂದೂ ಬಿಡೂದಿಲ್ರಿ. ನಾಳಿ ಸಂಜಿಗೆ ನಮ್ಮ ಓಣ್ಯಾಗ ಪರದೆ ಕಟ್ಟಿ ತೋರಸ್ತೇವಿ. ನೀವೂ ಬರ್ರಿ.’

ಸುಭಾಸ ಕೂತಲ್ಲಿಂದ ಎದ್ದ. ಮುಂದಿನ ಸ್ಟಾಪಿನಲ್ಲಿ, ಅಲ್ಲಿ ಅವನಿಗೆ ಏನೂ ಕೆಲಸವಿಲ್ಲದಿದ್ದರೂ, ಇಳಿದುಬಿಟ್ಟ. ಕೊಟ್ರೇಶ ಕಿಟಕಿಯಿಂದ ನೋಡಿದಾಗ ಅವನು ಬೇಲಿಯ ಪಕ್ಕದಲ್ಲಿ ನಿಂತು ಫೋನಿನಲ್ಲಿ ಮಾತಾಡುತ್ತಿದ್ದ, ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು.

ಇಲ್ಲಿ ನಮ್ಮ ಕಡೆಯ ಒಂದು ಪದ್ಧತಿಯನ್ನು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಪ್ರತಿ ಮದುವೆಯಲ್ಲೂ ಆಗಬಾರದ್ದೊಂದು ಆಗುತ್ತದೆ. ಆದಾಗ ಕ್ಯಾಮೆರಾ ಅದರ ಕಡೆಗೇ ತಿರುಗಿರುತ್ತದೆ. ಊಟದ ನಂತರ ಮನೆಯ ಹಿರಿಯರೊಬ್ಬರು ಕೊಟ್ರೇಶನನ್ನು ಹಂದರದ ಮೂಲೆಗೆ ಕರೆದು, ಕೈಗೆ ಒಂದು ಎಲೆ ಅಡಿಕೆ ಇಟ್ಟು, ಅದೊಂದು ತುಣುಕು ತೆಗೆದುಬಿಡಪಾ ಎನ್ನುತ್ತಾರೆ. ಕೊಟ್ರೇಶ ಎಲೆಯನ್ನು ಬಾಯಿಗಿಟ್ಟುಕೊಂಡರೆ ಆ ತುಣುಕು ಹೋಯಿತೆಂದು ಅರ್ಥ. ಯಾರೂ ಅದರ ಮಾತು ಮತ್ತೆ ಎತ್ತುವುದಿಲ್ಲ. ಹದಿನೈದು ವರ್ಷದಲ್ಲಿ ಹಾನಗಲ್, ಶಿಗ್ಗಾಂವಿ, ಸವಣೂರು, ಹಿರೇಕೆರೂರುಗಳಲ್ಲಿ ಎಷ್ಟೋ ಬೀಗತನಗಳು ಅವನ ಬಾಯೊಳಗಿನ ಆ ಎಲೆಯ ಮೇಲೆ ನಿಂತಿದ್ದವು.

ಸುಭಾಸನ ತುಣುಕು ಇಂಥದು. ನಾಲ್ಕು ವರ್ಷದ ಹಿಂದೆ ಊರಿಗೊಂದು ಬಸ್ ತಂಗುದಾಣ ಬೇಕೆಂದು ಅವನು ಆಮರಣ ಉಪವಾಸ ಕೂತಿದ್ದ. ಎರಡನೆಯ ದಿನ, ಪತ್ರಿಕೆಯವರು ಫೋಟೊ ತೆಗೆದುಕೊಂಡು ಹೋದ ಮೇಲೆ, ಹಿರೇಕೆರೂರಿನಲ್ಲಿ ಶೇಖವ್ವನ ಮಗನ ಮದುವೆಯ ಅಡಿಗೆ ಮನೆಯಲ್ಲಿ ಗೋಡೆಗೆ ಮುಖ ಮಾಡಿ ಹೋಳಿಗೆ ತಿನ್ನುವುದು ಕ್ಯಾಮೆರಾಕ್ಕೆ ಸಿಕ್ಕಿತ್ತು.

ಸುದ್ದಿ ಹಬ್ಬಿಸುವ ಉದ್ದೇಶ ಅವನಿಗೆ ಖಂಡಿತ ಇರಲಿಲ್ಲ. ಆ ತುಣುಕು ನಿಜವಾಗಿ ಹೋಗಿತ್ತೇ ಎಂದು ಕೇಳಲು ಶೇಖವ್ವನಿಗೆ ಮಾತ್ರ ಫೋನು ಮಾಡಿದ. ಶೇಖವ್ವನಿಗೆ ಅದೇ ಮದುವೆಯಲ್ಲಿ ತಾನು ತೆಗೆಸಿದ ತುಣುಕು ನೆನಪಾಯಿತು. ಆರತಿ ತಟ್ಟೆ ಯಾರು ಹಿಡಿಯಬೇಕೆಂದು ಅವಳೂ ಶಿಗ್ಗಾಂವಿಯ ಬೀಗಿತ್ತಿ ಮಂಜವ್ವನೂ ಜಗಳಾಡಿದ್ದರು. ಈಗ ಇಬ್ಬರೂ ಅಕ್ಕತಂಗಿಯರಂತಿದ್ದಾರೆ. ಅವಳು ಮಂಜವ್ವನಿಗೆ ಹೇಳಿದಳು. ಮಂಜವ್ವ ಯಾರಿಗೆ ಹೇಳಿದಳೆನ್ನುವುದನ್ನು ಕೇಳುವುದಕ್ಕಿಂತ ಯಾರಿಗೆ ಹೇಳಲಿಲ್ಲ ಎಂದು ಕೇಳುವುದು ಸುಲಭ. ಸುದ್ದಿ ಒಂದೊಂದು ಫೋನಿಗೆ ಒಂದೊಂದು ಸುತ್ತು ದಪ್ಪವಾಯಿತು. ಕೊಟ್ರೇಶ ಸವಣೂರಿನಲ್ಲಿ ಅಳಿಸಿದ್ದನ್ನೆಲ್ಲ ಎಬ್ಬಿಸುತ್ತಾನೆ ಎಂದು ಹೊರಟದ್ದು, ಒಂದು ತಾಸಿನಲ್ಲಿ ನಾಲ್ಕು ತಾಲೂಕಿನ ಅಳಿಸಿದ ತುಣುಕುಗಳನ್ನಷ್ಟೇ ಪೋಣಿಸಿ ನಾಳೆ ಪರದೆಯ ಮೇಲೆ ತೋರಿಸುತ್ತಾನೆ ಎಂದಾಯಿತು.

ಊರೂರಿಗೆ ನಿಲ್ಲುವ ಬಸ್ಸಿನಿಂದ ಕೊಟ್ರೇಶ ಮಧ್ಯಾಹ್ನದ ಹೊತ್ತಿಗೆ ಸವಣೂರಿನಲ್ಲಿ ಇಳಿದು ಪೇಟೆಗೆ ಬಂದಾಗ, ಕಂಪ್ಯೂಟರ್ ದುರಸ್ತಿಗೆ ಆ ಊರಲ್ಲಿ ಅದೊಂದೇ ಜಾಗವಾದ್ದರಿಂದ, ಆಸೀಮನ ಅಂಗಡಿಯ ಮುಂದೆ ಹತ್ತು ಹನ್ನೆರಡು ಜನ ನಿಂತಿದ್ದರು. ಬಾಡಿಗೆ ಕಾರಿನಲ್ಲಿ ಬಂದು ಮೊದಲೇ ಮುಟ್ಟಿದ ಸುಭಾಸನಿದ್ದ. ಶೇಖವ್ವ, ಮಂಜವ್ವ ಒಂದೇ ಕೊಡೆಯ ಕೆಳಗಿದ್ದರು. ಸೋದರಮಾವ ತೀರಿಹೋದನೆಂದು ಬರೆದು ರಜೆ ಹಾಕಿ, ಅದೇ ಸೋದರಮಾವನ ಮಗಳ ಮದುವೆಯಲ್ಲಿ ಅವನ ಪಕ್ಕದಲ್ಲೇ ಕೂತು ಉಂಡಿದ್ದ ಸರ್ವೇಯರ್ ಒಬ್ಬರು ಮುಖಕ್ಕೆ ಕರ್ಚೀಫು ಕಟ್ಟಿಕೊಂಡಿದ್ದರು. ಎಲ್ಲರಿಗಿಂತ ಹಿಂದೆ, ಯಾರೊಂದಿಗೂ ಮಾತಾಡದೆ, ಹಾನಗಲ್ಲಿನ ನಿವೃತ್ತ ಹೆಡ್ ಮಾಸ್ತರ ಯಲ್ಲಪ್ಪನವರು ನಿಂತಿದ್ದರು. ಮೂವತ್ತು ವರ್ಷ ಗಣಿತ ಕಲಿಸಿದವರು, ಮೂವತ್ತು ವರ್ಷದಲ್ಲಿ ಒಮ್ಮೆಯೂ ನಕ್ಕಿರಲಿಲ್ಲ. ಅವರನ್ನು ಕಂಡೊಡನೆ ಕೊಟ್ರೇಶನ ಕೈ ತಾನಾಗಿ ಬೆನ್ನ ಹಿಂದೆ ಹೋಗಲು ನೋಡಿತು, ಕೌದಿ ಇದ್ದದ್ದರಿಂದ ಆಗಲಿಲ್ಲ. ಆಸೀಮ ಎಲ್ಲರಿಗೂ ಪೊಟ್ಟಣ ಕಟ್ಟಿ ಕಟ್ಟಿ ಬೆವತಿದ್ದ. ಇನ್ನೊಂದು ಗಂಟೆ ಹೀಗೇ ನಡೆದರೆ ಖಾರವೇ ಉಳಿಯುವುದಿಲ್ಲವೆಂದು ಸಂತೋಷದಿಂದ ದೂರುತ್ತಿದ್ದ.

ಸುಭಾಸ ಕೊಟ್ರೇಶನ ಹೆಗಲ ಮೇಲೆ ಕೈಹಾಕಿ ಪಕ್ಕಕ್ಕೆ ಕರೆದ.

‘ಕೊಟ್ರೇಶಿ, ನಿನಗ ಹೊಸಾದು ಕೊಡಸ್ತೇನಿ. ದೊಡ್ಡದು. ಇದನ್ನ ವರದಾ ಹೊಳಿಗೆ ಬಿಟ್ಟು ಬಾ.’

ಹೊಸದು, ದೊಡ್ಡದು. ಜಾಗವಿಲ್ಲವೆಂದು ಎಂದೂ ಗೊಣಗದ್ದು. ಕೊಟ್ರೇಶನ ಕಣ್ಣ ಮುಂದೆ ಅದು ಒಮ್ಮೆ ಹೊಳೆದು ಹೋಯಿತು. ಹೊಳೆಗೆ ಬಿಟ್ಟರೆ ಅಳಿಸಿದ ತಪ್ಪೂ ಹೊಳೆಗೆ ಹೋಗುತ್ತದೆ. ಕೆಟ್ಟುಹೋಯಿತೆಂದು ಹೇಳಿದರಾಯಿತು, ಯಾರು ಕೇಳುತ್ತಾರೆ? ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಜಗಲಿಯ ಮುಂದೆ ಹಾದರೆ ಉಡಚವ್ವ ಕೈಯನ್ನು ನೋಡುತ್ತಾಳೆ, ಅಷ್ಟೆ.

‘ಬ್ಯಾಡ್ರಿ ಮೆಂಬರ್ರ. ಖರೇ ಹೇಳ್ತೇನಿ, ನಾ ಸಂಘಮಿತ್ರಾನ ಮದಿವಿ ಅಳಸೇನ್ರಿ. ಉಡಚವ್ವ ನೋಡಿಲ್ಲ. ಅದೊಂದನ್ನ ಹುಡುಕಾಕ ಬಂದೇನಿ. ನಿಮ್ಮ ಹೋಳಿಗಿ ತಗೊಂಡು ನಾ ಏನ್ ಮಾಡ್ಲಿ?’

ಜೀವನದಲ್ಲಿ ಮೊದಲ ಸಲ ತನ್ನ ತಪ್ಪನ್ನು ಹತ್ತು ಜನರಿಗೂ ಕೇಳುವಷ್ಟು ಗಟ್ಟಿಯಾಗಿ ಒಪ್ಪಿಕೊಂಡ ಆ ಗಳಿಗೆಯಲ್ಲಿ, ಕೊಟ್ರೇಶ ನಿರೀಕ್ಷಿಸಿದ್ದು ಛೀಮಾರಿಯನ್ನು. ಆದರೆ ಅವನ ತಪ್ಪನ್ನು ಯಾರೂ ಗಮನಿಸಲೇ ಇಲ್ಲ. ಎಲ್ಲರೂ ಸುಭಾಸನ ಕಡೆ ತಿರುಗಿದ್ದರು.

‘ಯಾವ ಹೋಳಿಗಿ?’ ಎಂದು ಮಂಜವ್ವ ಕೇಳಿದಳು.

ಒಳಗಿನ ಖೋಲಿಯಲ್ಲಿ ಮದಿಹಾ ಡಬ್ಬಿ ಬಿಚ್ಚಿ, ಡಿಸ್ಕನ್ನು ತನ್ನ ಕಂಪ್ಯೂಟರಿಗೆ ಜೋಡಿಸಿ, ಮೂರು ತಾಸು ಕಾಯಬೇಕೆಂದಳು. ಹನ್ನೆರಡು ಜನ ಮೂರು ತಾಸು ಆ ಖೋಲಿಯಲ್ಲಿ ಒಬ್ಬರನ್ನೊಬ್ಬರು ನೋಡದೆ ಕೂತರು. ಮೂರನೆಯ ತಾಸು ಮುಗಿದಾಗ ಪರದೆಯ ಮೇಲೆ ನಾಲ್ಕು ಸಾವಿರ ಚಿಲ್ಲರೆ ತುಣುಕುಗಳು ಎದ್ದು ನಿಂತಿದ್ದವು. ಆದರೆ ಮದಿಹಾ ಮೊದಲೇ ಹೇಳಿದ್ದಂತೆ ಹೋದದ್ದು ಹೆಸರು. ಯಾವುದಕ್ಕೂ ಹೆಸರಿರಲಿಲ್ಲ, ಬರೀ ಅಂಕಿ. ಯಾರದೆಂದು ತಿಳಿಯಬೇಕಾದರೆ ಒಂದೊಂದನ್ನೂ ತೆರೆದು ನೋಡಬೇಕು.

ಇಲ್ಲಿ ಒಂದು ಸಂಕಟ ಹುಟ್ಟಿತು. ತನ್ನದನ್ನು ಬೇರೆಯವರು ನೋಡಬಾರದು, ಬೇರೆಯವರ ನಡುವೆ ತನ್ನದಿದೆಯೇ ಎಂದು ಮಾತ್ರ ತಾನು ನೋಡಬೇಕು ಎಂದು ಹನ್ನೆರಡೂ ಜನ ವಾದಿಸಿದರು. ವಾದ ಕಾವೇರಿದಾಗ ಯಲ್ಲಪ್ಪ ಮಾಸ್ತರು ಬಾಯಿಬಿಟ್ಟರು. ಎಲ್ಲರೂ ಗೋಡೆಗೆ ಮುಖ ಮಾಡಿ ನಿಲ್ಲಬೇಕು. ಹುಡುಗಿಯೊಬ್ಬಳೇ ನೋಡಿ, ಕಂಡದ್ದನ್ನು ಹೇಳಬೇಕು. ತಮ್ಮದೆನಿಸಿದವರು ತಿರುಗಿ ನೋಡಿಕೊಳ್ಳಬೇಕು. ಮೂವತ್ತು ವರ್ಷದ ಅಧಿಕಾರದ ದನಿ ಅದು. ಪಂಚಾಯ್ತಿ ಮೆಂಬರನಿಂದ ಸರ್ವೇಯರರವರೆಗೆ ಎಲ್ಲರೂ ಸಾಲಾಗಿ ಗೋಡೆಗೆ ತಿರುಗಿದರು. ಕೊಟ್ರೇಶನೂ ತಿರುಗಿದ, ಅವನದು ಯಾವುದೂ ಇಲ್ಲದಿದ್ದರೂ.

ಮದಿಹಾ ಪಡಿತರ ಚೀಟಿ ಓದಿದಷ್ಟು ನಿರ್ವಿಕಾರವಾಗಿ ಹೇಳತೊಡಗಿದಳು.

‘ಒಬ್ರು ಅಡಗಿ ಮನ್ಯಾಗ ಗೋಡಿಗೆ ಮಾರಿ ಮಾಡಿ ಹೋಳಿಗಿ ತಿನ್ನಾಕತ್ತಾರ.’

ಗೋಡೆಯ ಸಾಲಿನಿಂದ ಯಾರೂ ತಿರುಗಲಿಲ್ಲ.

‘ಎಷ್ಟನೇದು?’ ಎಂದು ಮಾಸ್ತರು ಕೇಳಿದರು.

‘ಐದ್ರಿ ಸರ. ಈಗ ಆರು.’

‘ಮುಂದ ಹೋಗವಾ ತಂಗಿ,’ ಎಂದ ಸುಭಾಸ, ಗೋಡೆಗೇ. ‘ಮದಿವ್ಯಾಗ ಹೋಳಿಗಿ ತಿನ್ನದ ಮಣ್ಣು ತಿಂತಾರೇನು?’

‘ಇಬ್ರು ಅವ್ವಾರು ಒಂದ ಆರತಿ ತಟ್ಟಿ ಹಿಡದು ಜಗ್ಗಾಕತ್ತಾರ.’

‘ಯಾರ ಕೈಗೆ ಬಂತು?’ ಎಂದು ಶೇಖವ್ವನೂ ಮಂಜವ್ವನೂ ಒಂದೇ ಉಸಿರಿಗೆ ಕೇಳಿದರು.

‘ಯಾರ ಕೈಗೂ ಇಲ್ರಿ. ಮದುಮಗನ ತಲಿ ಮ್ಯಾಲೆ ಬಿತ್ತು.’

ಇಬ್ಬರೂ ಒಟ್ಟಿಗೆ ತಿರುಗಿದರು. ತಟ್ಟೆ ತಲೆಯ ಮೇಲೆ ಬಿದ್ದು, ಕುಂಕುಮದ ನೀರು ಇಳಿದು, ವರ ಹಲ್ಲಿಗೆ ಔಷಧಿ ಹಾಕಿಸಿಕೊಳ್ಳುವವನ ಹಾಗೆ ಬಾಯಿ ತೆರೆದು ನಿಂತದ್ದನ್ನು ನೋಡಿದರು. ಈ ತುಣುಕು ಯಾರ ಕಣ್ಣಿಗಾದರೂ ಬಿದ್ದೀತೆಂದು ಹೆದರಿ ಓಡಿಬಂದವರು ಈಗ ಒಬ್ಬರ ಭುಜಕ್ಕೊಬ್ಬರು ತಲೆಯೊರಗಿಸಿ, ಸೆರಗು ಬಾಯಿಗಿಟ್ಟುಕೊಂಡು ನಗುತ್ತ ಅಲುಗಾಡುತ್ತಿದ್ದರು.

‘ವಯಸ್ಸಾದವ್ರೊಬ್ರು ಬ್ಯಾಂಡಿನ ಮುಂದ ಕುಣ್ಯಾಕತ್ತಾರ. ಒಬ್ರ ಅದಾರ. ಬಾಯಾಗ ಟವಲ್ಲು.’

ಗೋಡೆಯ ಸಾಲಿನ ಕೊನೆಯಲ್ಲಿ ಯಾರೋ ಗಂಟಲು ಸರಿಮಾಡಿಕೊಂಡರು.

‘ಕೈ ಹೆಂಗ ಬೀಸಾಕತ್ತಾರವಾ?’ ಎಂದರು ಯಲ್ಲಪ್ಪ ಮಾಸ್ತರು.

‘ಭಾಳ ಚಲೋ ಬೀಸಾಕತ್ತಾರ್ರಿ ಸರ.’

ಮಾಸ್ತರು ತಿರುಗಿದರು. ಹತ್ತಿರ ಬಂದು, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. ಪೂರ್ತಿ ನೋಡಿದರು. ಆಮೇಲೆ ಕಿಸೆಯಿಂದ ಒಂದು ಪೆನ್ ಡ್ರೈವ್ ತೆಗೆದು ಮೇಜಿನ ಮೇಲಿಟ್ಟರು. ಅಂದರೆ ಅವರು ಬೆಳಿಗ್ಗೆ ಹಾನಗಲ್ಲಿನಿಂದ ಹೊರಡುವಾಗಲೇ ಅದನ್ನು ಕಿಸೆಗೆ ಹಾಕಿಕೊಂಡು ಹೊರಟಿದ್ದರು.

ಅದಾದ ಮೇಲೆ ಗೋಡೆಗೆ ಮುಖ ಮಾಡಿ ನಿಲ್ಲುವುದು ಯಾರಿಗೂ ಬೇಕಾಗಲಿಲ್ಲ. ಅಳಿಸಿ ಹೋಗಲೆಂದು ಬಂದವರೆಲ್ಲ ತಮ್ಮ ತಮ್ಮ ತುಣುಕಿಗಾಗಿ ನೂಕಾಡಿದರು. ಸರ್ವೇಯರ್ ಸಾಹೇಬರು ಕರ್ಚೀಫು ಬಿಚ್ಚಿ, ಸೋದರಮಾವ ಎಷ್ಟು ಗಟ್ಟಿಮುಟ್ಟಾಗಿದ್ದ ನೋಡ್ರಿ ಎಂದರು. ಸುಭಾಸ ತನ್ನದನ್ನು ಎರಡು ಸಲ ಹಾಕಿಸಿದ. ಆಗ ತನಗೆ ಇಷ್ಟು ಹೊಟ್ಟೆ ಇರಲಿಲ್ಲವೆಂದು ಅಲ್ಲಿದ್ದವರನ್ನೆಲ್ಲ ಕರೆದು ತೋರಿಸಿದ. ಸಂಜೆಯ ಬಸ್ಸಿನ ಹೊತ್ತಿಗೆ ಎಲ್ಲರೂ ಖಾರದ ಪೊಟ್ಟಣ, ತಮ್ಮ ಮಾನಭಂಗದ ಪ್ರತಿ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಸಂತೋಷದಿಂದ ಚದುರಿದರು.

ಕೊಟ್ರೇಶ ಉಳಿದ. ಸಂಘಮಿತ್ರಾಳ ಮದುವೆ ಬಂದಿರಲಿಲ್ಲ. ಮದಿಹಾ ಉಳಿದವುಗಳನ್ನು ಒಂದೊಂದಾಗಿ ತೆರೆದು ಮುಚ್ಚುತ್ತಿದ್ದಳು. ಐದು ಟ್ರ್ಯಾಕ್ಟರುಗಳು ಹಾದದ್ದು ಸರಿಯಾಗಿ ಆ ಹೊಲದ ಮೇಲೆಯೇ. ಬುದ್ಧನ ಮೂರ್ತಿ ಹೋಗಿತ್ತು, ಹಾರ ಹೋಗಿತ್ತು, ನಾಲ್ಕು ತಾಸಿನ ಮದುವೆಯೇ ಹೋಗಿತ್ತು. ಕಡೆಗೆ ಒಂದು ಕಡೆ ಅವಳ ಕೈ ನಿಂತಿತು.

‘ಅಣ್ಣಾರ, ಒಂದು ಸಿಕ್ಕೈತಿ. ನಲವತ್ತು ನಿಮಿಷದ್ದು. ಆದ್ರ ಇದು ನೀವು ತಗದಿದ್ದಲ್ಲ.’

‘ಮತ್ಯಾರು ತಗದಾರ?’

‘ಕ್ಯಾಮೆರಾ ತಾನ ತಗದೈತಿ.’

ಮದುವೆಗಳಲ್ಲಿ ಕೊಟ್ರೇಶ ದೊಡ್ಡ ಕ್ಯಾಮೆರಾವನ್ನು ಸ್ಟ್ಯಾಂಡಿನ ಮೇಲಿಟ್ಟು, ಸಣ್ಣದೊಂದನ್ನು ಕೊರಳಿಗೆ ನೇತುಹಾಕಿಕೊಳ್ಳುತ್ತಿದ್ದ. ಅವತ್ತು ಸಣ್ಣದನ್ನು ಬಂದ್ ಮಾಡಲು ಮರೆತಿದ್ದ. ಅದು ಅವನ ಹೊಟ್ಟೆಯ ಮೇಲೆ ಕೆಳಮುಖವಾಗಿ ತೂಗಾಡುತ್ತ ನಲವತ್ತು ನಿಮಿಷ ನೆಲವನ್ನು ನೋಡಿತ್ತು. ಸಂಘಮಿತ್ರಾಳ ದನಿ ಕೇಳುತ್ತಿತ್ತು. ಕಾಣುತ್ತಿದ್ದದ್ದು ಸಭಾಭವನದ ಹಾಸುಗಲ್ಲು ಮತ್ತು ಕಾಲುಗಳು.

ರವಿವಾರ ಸಂಜೆ ಓಣಿಯಲ್ಲಿ ಹೊತ್ತು ಮುಳುಗುವ ಮೊದಲೇ ಜಾಗ ಸಾಲದಾಯಿತು. ಮಾರೆಪ್ಪ ತನ್ನ ಬಿಳಿ ಧೋತರವನ್ನು ಎದುರು ಮನೆಯ ಗೋಡೆಗೆ ಎಳೆದು ಕಟ್ಟಿದ್ದ. ಅಳಿಸಿದ್ದನ್ನೆಲ್ಲ ತೋರಿಸುತ್ತಾರಂತೆ ಎಂಬ ಮಾತು ಇನ್ನೂ ಊರಿಂದೂರಿಗೆ ತಿರುಗುತ್ತಿದ್ದುದರಿಂದ, ಹಿರೇಕೆರೂರಿನಿಂದಲೂ ಜನ ಬಂದಿದ್ದರು. ನಡುವೆ ಕುರ್ಚಿಯಲ್ಲಿ ಉಡಚವ್ವ. ಪ್ಲಾಸ್ಟರಿನ ಕಾಲು ಸ್ಟೂಲಿನ ಮೇಲೆ, ಉಟ್ಟದ್ದು ಮದುವೆಗೆಂದು ತಂದು ಮಡಿಕೆ ಬಿಚ್ಚದೆ ಇಟ್ಟಿದ್ದ ಬಿಳಿ ಸೀರೆ. ಆ ಸೀರೆಯನ್ನು ನೋಡಿ ಕೊಟ್ರೇಶ ಮೊದಲೇ ಹೇಳಿಬಿಡಬೇಕೆಂದು ಎರಡು ಸಲ ಎದ್ದ, ಎರಡು ಸಲ ಕೂತ. ಕರೆಂಟು ಹೋಗಲೆಂದು ಬೇಡಿಕೊಂಡ. ದಿನಾ ತಪ್ಪದೆ ಹೋಗುವ ಕರೆಂಟು ಅವತ್ತು ಹೋಗಲಿಲ್ಲ.

ಧೋತರದ ಮೇಲೆ ನೆಲ ಮೂಡಿತು. ಜನ ಕಾದರು. ನೆಲವೇ ಉಳಿಯಿತು. ಕಾಲುಗಳು ಬಂದವು, ಹೋದವು. ಯಂತ್ರವನ್ನು ತಲೆಕೆಳಗಾಗಿ ಇಟ್ಟಿದ್ದಾರೆಂದು ಹಿಂದಿನವರು ಹೇಳಿದರು. ಬರೀ ಕಾಲು ನೋಡಲು ಹಿರೇಕೆರೂರಿನಿಂದ ಬರಬೇಕಿತ್ತೇ ಎಂದು ಇನ್ನಾರೋ ಗೊಣಗಿದರು. ಮಾರೆಪ್ಪ ಎದ್ದು ಕೊಟ್ರೇಶನ ಕಡೆ ಬರತೊಡಗಿದ. ಕೊಟ್ರೇಶ ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತ.

‘ಅವ್ವಾ, ಮದಿವಿ ನಾ ಅಳಸಿಬಿಟ್ಟೇನಿ. ಉಳದಿದ್ದು ಇಷ್ಟ.’

ಉಡಚವ್ವ ಅವನತ್ತ ನೋಡಲಿಲ್ಲ. ಕೈ ಎತ್ತಿ ಸುಮ್ಮನಿರಲು ಹೇಳಿದಳು. ಮಾರೆಪ್ಪನೂ ಬರುತ್ತಿದ್ದವನು ನಿಂತಲ್ಲೇ ನಿಂತ.

‘ಇದು ಸುಜಾತಾ,’ ಎಂದಳು. ‘ಎಡಗಾಲು ಒತ್ತಿ ಇಡ್ತಾಳ.’

ಜನರ ನಡುವೆ ಕೂತಿದ್ದ ಸುಜಾತಾ ತನ್ನ ಎಡಗಾಲನ್ನು ನೋಡಿಕೊಂಡಳು.

ನಲವತ್ತು ವರ್ಷ ಉಡಚವ್ವ ಭತ್ತದ ಗದ್ದೆಗಳಲ್ಲಿ ನಾಟಿ ಮಾಡಿದವಳು. ಬೆಳಿಗ್ಗೆ ಬಗ್ಗಿದರೆ ಸಂಜೆಗೆ ನೆಟ್ಟಗಾಗುವ ಕೆಲಸ ಅದು. ಸಾಲಿನಲ್ಲಿ ಆಚೀಚೆ ಇರುವವರ ಮುಖ ಕಾಣುವುದಿಲ್ಲ, ಕೆಸರಿನಿಂದ ಏಳುವ, ಕೆಸರಿಗಿಳಿಯುವ ಕಾಲು ಮಾತ್ರ ಕಾಣುತ್ತದೆ. ಯಾರು ದಣಿದಿದ್ದಾರೆ, ಯಾರು ಮುನಿದಿದ್ದಾರೆ, ಯಾರು ಬಸುರಿ ಎನ್ನುವುದನ್ನೆಲ್ಲ ಅವಳು ಕಾಲಿನಿಂದಲೇ ತಿಳಿದವಳು. ಬುದ್ಧನ ಮುಂದೆ ಹೋಗುವವರೆಲ್ಲ ಚಪ್ಪಲಿ ಹೊರಗೆ ಬಿಟ್ಟಿದ್ದರು. ಅವಳಿಗೆ ಇಡೀ ಓಣಿ ಮುಖ ತೋರಿಸಿಕೊಂಡು ನಡೆದ ಹಾಗೆಯೇ ಇತ್ತು.

ಒಂದೊಂದಾಗಿ ಹೆಸರು ಹೇಳುತ್ತ ಹೋದಳು. ಹೆಸರು ಬಂದವರು ಹೌದೆನ್ನುತ್ತ ಎದ್ದು ನಿಂತರು. ಮಾರೆಪ್ಪನ ಕಾಲು ಒಂದೇ ಕಡೆ ನಾಲ್ಕು ಸಲ ತಿರುಗಿದಾಗ, ಇವ ಅಳಾಕತ್ತಿದ್ದ ಎಂದಳು. ಮಾರೆಪ್ಪ ಇಲ್ಲವೆನ್ನಲು ಬಾಯಿ ತೆರೆದು, ಮುಚ್ಚಿದ. ತಮ್ಮ ಕಾಲು ಯಾವಾಗ ಬಂದೀತೆಂದು ಓಣಿಯವರೆಲ್ಲ ಮುಂದೆ ಮುಂದೆ ಸರಿದರು. ಹಿರೇಕೆರೂರಿನವರು ವರನ ಕಡೆಯ ಕಾಲುಗಳಿಗೆ ತಾವೇ ಹೆಸರು ಹೇಳತೊಡಗಿದರು, ತಪ್ಪಿದಾಗ ಉಡಚವ್ವನೇ ತಿದ್ದಿದಳು, ಅವರನ್ನು ಒಮ್ಮೆಯೂ ಕಾಣದೆ: ಇದು ಗಂಡಸಿನ ನಡಿಗಿ ಅಲ್ಲ, ಸರಿಯಾಗಿ ನೋಡ್ರಿ.

ಆಮೇಲೆ ಬಿಳಿ ಸೀರೆಯ ಅಂಚಿನ ಕೆಳಗೆ ಎರಡು ಕಾಲು ಬಂದು ನಿಂತವು. ಎದುರಿಗೆ ಇನ್ನೆರಡು. ಉಡಚವ್ವ ಯಾರ ಹೆಸರೂ ಹೇಳಲಿಲ್ಲ. ಮೇಲಿನಿಂದ ಸಂಘಮಿತ್ರಾಳ ದನಿ, ಕಾಣದ ಕಡೆಯಿಂದ, ಪ್ರತಿಜ್ಞೆಯ ಮಾತುಗಳನ್ನು ಒಂದೊಂದಾಗಿ ಹೇಳಿತು. ಒಂದು ಮಾತಿಗೆ ತಡೆದಾಗ ಅವಳ ಬಲಗಾಲಿನ ಹೆಬ್ಬೆರಳು ಎಡಗಾಲನ್ನು ಒತ್ತಿ ಹಿಡಿಯಿತು. ಮಾತು ಮುಗಿಯಿತು. ಹೂವಿನ ಪಕಳೆಗಳು ಉದುರತೊಡಗಿದವು, ನಾಲ್ಕೂ ಕಾಲು ಮುಚ್ಚುವಷ್ಟು. ಉಡಚವ್ವ ತೊಡೆಯ ಮೇಲಿದ್ದ ಕೈಯನ್ನು ಎತ್ತಿ, ಬರಿಗೈಯಿಂದಲೇ ಧೋತರದ ಕಡೆಗೆ ಒಮ್ಮೆ ಹೂ ತೂರಿದಳು.

ಕಣ್ಣೊರೆಸಿಕೊಂಡು ಉಡಚವ್ವ ಮುಂದಕ್ಕೆ ಬಾಗಿದಳು. ಹುಬ್ಬು ಗಂಟಾಯಿತು.

‘ಎಲ್ಲಾರನ್ನೂ ಗುರತ ಹಿಡದೆ. ಇವ ಒಬ್ಬ ಯಾರು? ಬುದ್ಧನ ಮುಂದ ಎಲ್ಲಾರೂ ಬರಿಗಾಲಾಗ ಇದ್ರ ಬೂಟು ಹಾಕ್ಕೊಂಡು ಅಡ್ಡಾಡಾಕತ್ತಾನ. ಮೊದಲಿಂದ ಕಡೀತನಕಾ ಇವನ ಅದಾನ. ಮದುಮಗನಕಿಂತ ಹೆಚ್ಚು.’

ಓಣಿಯ ಜನ ಧೋತರದ ಮೇಲಿನ ಕಂದು ಬೂಟುಗಳನ್ನು ನೋಡಿದರು. ಆಮೇಲೆ ಒಬ್ಬೊಬ್ಬರಾಗಿ ತಿರುಗಿ, ಕುರ್ಚಿಯ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತಿದ್ದ ಕೊಟ್ರೇಶನ ಕಾಲುಗಳನ್ನು ನೋಡಿದರು. ಕೊಟ್ರೇಶನೂ ನೋಡಿಕೊಂಡ. ಮೆಲ್ಲಗೆ ಒಂದನ್ನು ಕಳಚಿದ, ಆಮೇಲೆ ಇನ್ನೊಂದನ್ನು.

‘ಈಗ ಮೊದಲಿಂದ ಹಚ್ಚು,’ ಎಂದಳು ಉಡಚವ್ವ.

ಕೊಟ್ರೇಶ ಬರಿಗಾಲಲ್ಲಿ ಎದ್ದು ಹೋಗಿ ಹಚ್ಚಿದ.